ಹಾಲಮ್ಮನ ಬಾಗಿಲಿನ ನೀರ್ಗೆರೆ

ತೆಪ್ಪದಕಟ್ಟೆ, ಹೊಳೆಬಾಗಿಲು ಪೇಟೆ
ಫೆಬ್ರವರಿ 30, 2171
ಮಧ್ಯಾಹ್ನದ ಮುಚ್ಚುಹೊತ್ತು

ಪೂಜ್ಯ ಹಾಲಮ್ಮಜ್ಜಿಯವರಿಗೆ ಕೊಟ್ರವ್ವ ಮಾಡುವ ಶರಣುಗಳು.

ತಾರೀಖು ನೋಡಿ ಇವಳಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇಲ್ಲವೆಂದು ನನಗೂ ಗೊತ್ತು. ನಮ್ಮ ಕಾಲಕ್ಕೆ ತಿಂಗಳುಗಳನ್ನೆಲ್ಲ ಹದಕ್ಕೆ ತಂದು, ಪಾಪ, ಅಷ್ಟು ವರ್ಷ ಅರೆಹೊಟ್ಟೆಯಲ್ಲಿದ್ದ ಫೆಬ್ರವರಿಗೂ ಎರಡು ದಿನ ಹೆಚ್ಚಿಗೆ ಬಡಿಸಿದ್ದಾರೆ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಒಂದೇ ಒಂದು ಹಳೆಯ ನಡಾವಳಿ ಪುಸ್ತಕ ಓದಿ ಕಲಿತವಳು. ಆ ಪುಸ್ತಕದಲ್ಲಿ ನಿಮ್ಮ ಬಗ್ಗೆ ಮೂರು ಸಾಲು ಇದೆ. ಆ ಮೂರು ಸಾಲಿನಿಂದಾಗಿಯೇ ಹನ್ನೊಂದು ದಿನಗಳಿಂದ ನನಗೆ ಅನ್ನ ಸೇರುತ್ತಿಲ್ಲ.

ನಾನು ನಿಮ್ಮಿಂದ ಆರನೆಯ ತಲೆಯವಳು. ವಯಸ್ಸು ಐವತ್ತಾರು. ಕೆಲಸ ಹೊಸ್ತಿಲಗಾರ್ತಿ. ನಿಮ್ಮಲ್ಲಿ ಇಂಥ ಕೆಲಸ ಇರಲಿಲ್ಲ, ಇದ್ದಿದ್ದರೆ ನಾನು ಈ ಕಾಗದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹೊಳೆದಂಡೆಯ ಊರುಗಳಲ್ಲಿ ಯಾರೇ ಮನೆ ಕಟ್ಟಿದರೂ ಅದರ ಹೊಸ್ತಿಲು ಬೀದಿಯಿಂದ ಎಷ್ಟು ಎತ್ತರದಲ್ಲಿ ಕೂರಬೇಕೆಂದು ನಾನು ಹೇಳಬೇಕು. ಕಲ್ಲಿನ ಮೇಲೆ ಅರಿಶಿನದ ಗೆರೆ ಎಳೆದು ರುಜು ಹಾಕಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಚಾಪೆ ಹಾಸುವಂತಿಲ್ಲ. ಈ ಕಾಗದವೂ ನಮ್ಮ ವೃತ್ತಿಯ ಒಂದು ಪದ್ಧತಿ. ಹೊಸ್ತಿಲು ಕೂರಿಸುವ ಹಿಂದಿನ ದಿನ, ಆ ಜಾಗದಲ್ಲಿ ಹಿಂದೆ ಬಾಳಿದವರಿಗೆ ಕಾಗದ ಬರೆದು, ಅಪ್ಪಣೆ ಕೇಳಿ, ಮಡಿಸಿ ಕಲ್ಲಿನ ಅಡಿಗೆ ಇಡುತ್ತೇವೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಬರೆದ ಹೊಸ್ತಿಲು ಕಾಗದಗಳೆಲ್ಲ ಎರಡು ಸಾಲಿನವು. ನಿಮ್ಮ ಜಾಗಕ್ಕೆ ಇಂಥವರು ಬರುತ್ತಿದ್ದಾರೆ, ಹರಸಿ. ಅಷ್ಟೇ. ಓದುವವರು ಇಲ್ಲವೆಂದು ಗೊತ್ತಿದ್ದ ಮೇಲೆ ಉದ್ದುದ್ದ ಬರೆಯುವವರು ಯಾರು? ಆದರೆ ಈ ಒಂದು ಕಾಗದ ನಿಜವಾಗಿಯೂ ನಿಮ್ಮ ಕೈ ಸೇರಬೇಕು. ಅದೂ ನಿಮ್ಮ 2026ನೆಯ ಇಸವಿಯ ಮಾರ್ಚ್ ಹನ್ನೆರಡರ ಗುರುವಾರಕ್ಕೂ ಹದಿನಾರರ ಸೋಮವಾರಕ್ಕೂ ನಡುವೆ ಸೇರಬೇಕು. ಯಾಕೆಂದು ಮುಂದೆ ಹೇಳುತ್ತೇನೆ, ಗಾಬರಿಯಲ್ಲಿ ನಾನು ಹಿಂದುಮುಂದು ಮಾಡಿದರೆ ತಾಳಿಕೊಳ್ಳಿ.

ಮೊದಲು ನಿಮ್ಮ ಪೇಟೆಯ ಸುದ್ದಿ. ಅದು ಎಪ್ಪತ್ತು ವರ್ಷ ಹಾಳುಬಿದ್ದಿತ್ತು. ನನ್ನ ಅಮ್ಮನ ಕಾಲದವರು ಗುಡ್ಡದ ಮೇಲಿನ ಶೆಡ್ಡುಗಳಿಂದ ಇಳಿದು ಬಂದು, ಹೂಳಿನ ಕೆಳಗೆ ಅದನ್ನು ಹುಡುಕಿದರು. ಎಲ್ಲರೂ ಮೊದಲು ಅಂಗಡಿ ಕಟ್ಟೋಣ ಅಂದರಂತೆ. ಒಬ್ಬ ಮುದುಕಿ ಮಾತ್ರ, ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ, ಮೊದಲು ಮೆಟ್ಟಿಲು ತೆಗೆಯಿರಿ ಅಂದಳಂತೆ. ಹಾಗೆ ಹೊಳೆಗೆ ಇಳಿಯುವ ನಿಮ್ಮ ಮೂವತ್ತೆರಡು ಮೆಟ್ಟಿಲುಗಳನ್ನು ಎರಡು ಬೇಸಿಗೆ ಅಗೆದು ಹೊರತೆಗೆದರು. ಬಟ್ಟೆ ಒಗೆಯುವವರು ಬಂದರು, ಹರಿಗೋಲಿನವರು ಬಂದರು, ಅವರಿಗೆ ಚಹಾ ಕೊಡುವವರು ಬಂದರು. ಪೇಟೆ ಹುಟ್ಟಿದ್ದು ಹೀಗೆ, ಒಬ್ಬರ ಹಿಂದೆ ಒಬ್ಬರಾಗಿ. ಆಮೇಲೆ ಜಗಲಿ ಪಾಲು ಎಂಬ ಕಟ್ಟಳೆ ಬಂತು. ಪ್ರತಿ ಕಟ್ಟಡವೂ ತನ್ನ ಮುಂಭಾಗದ ಮೂರಡಿಯನ್ನು ದಾರಿಹೋಕರು ಕೂರಲಿಕ್ಕೆಂದು ಬಿಡಬೇಕು, ಅಲ್ಲಿ ಕೂತವರನ್ನು ಏಳಿ ಅನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮ ಮುದುಕರು ಆ ಹಕ್ಕನ್ನು ಬಹಳ ಶ್ರದ್ಧೆಯಿಂದ ಚಲಾಯಿಸುತ್ತಾರೆ. ಚೌಕಾಬಾರ ಆಡುತ್ತಾ ಕೂತರೆ ಮೂರು ಮೂರು ಗಂಟೆ ಅಲುಗುವುದಿಲ್ಲ.

ಬಿಸಿಲು ನಿಮ್ಮ ಕಾಲದ್ದಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಓಡಾಡುವಂತಿಲ್ಲ, ಅದನ್ನೇ ಮುಚ್ಚುಹೊತ್ತು ಅನ್ನುವುದು. ಬೀದಿಯ ಮೇಲೆ ಮಾಡಿನಿಂದ ಮಾಡಿಗೆ ಹಳೆಯ ನೂಲಿನ ಸೀರೆಗಳನ್ನು ಹೊಲಿದು ಕಟ್ಟಿದ್ದೇವೆ. ಯಾರ ಸೀರೆ ಎಲ್ಲಿದೆ ಎಂದು ಹೆಂಗಸರಿಗೆ ಗೊತ್ತು. ನನ್ನ ಅಮ್ಮನ ಹಸಿರು ಇಳಕಲ್ ಸೀರೆ ಬಳೆಗಾರರ ಅಂಗಡಿಯ ನೆತ್ತಿಗೆ ಇದೆ, ಅದರ ಕೆಳಗೆ ಹಾಯುವಾಗ ನಾನು ಸ್ವಲ್ಪ ನಿಧಾನಿಸುತ್ತೇನೆ. ನಾಲ್ಕೂವರೆಗೆ ಪೇಟೆ ಕಣ್ಣು ಬಿಡುತ್ತದೆ. ಮಂಡಕ್ಕಿ ಇನ್ನೂ ಇದೆ ಅಜ್ಜಿ, ಮೆಣಸಿನಕಾಯಿಯೂ ಇದೆ. ಭಟ್ಟಿಯ ಮರಳನ್ನು ಈಗ ಬಿಸಿಲಿನಲ್ಲೇ ಕಾಯಿಸುತ್ತಾರೆ, ಹುರಿಯುವವರ ಗಂಟಲು ಕಟ್ಟುವ ಹೊಗೆ ಇಲ್ಲ. ನಿಮ್ಮವರು ಹೊಳೆದಂಡೆಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ 'ಐ ಲವ್ ತೆಪ್ಪದಕಟ್ಟೆ' ಎಂದು ನಿಲ್ಲಿಸಿದ್ದರಲ್ಲ, ಅದರಲ್ಲಿ 'ಕ' ಒಂದು ಹೂಳಿನಲ್ಲಿ ಸಿಕ್ಕಿತು. ಹರಿಗೋಲು ಕಟ್ಟಿಹಾಕಲಿಕ್ಕೆ ಅದು ತುಂಬ ಅನುಕೂಲವಾಗಿದೆ. ಕೂತರೆ ಸುಡುವ ಗ್ರಾನೈಟ್ ಬೆಂಚುಗಳೂ ಸಿಕ್ಕವು, ಅವುಗಳ ಮೇಲೆ ಹಪ್ಪಳ ಒಣಗಿಸುತ್ತೇವೆ. ನಗಬೇಕೆಂದೇ ಇದನ್ನೆಲ್ಲ ಬರೆದೆ. ನಗುವಿನ ಮಾತು ಇಲ್ಲಿಗೆ ಮುಗಿಯಿತು.

ಪೇಟೆಗೆ ಇನ್ನೂ ಒಂದು ಕೊರತೆ ಇದೆ. ಸಂಜೆ ಎಂಟಕ್ಕೆ ಬಾಗಿಲು ಹಾಕಿ ಎಲ್ಲರೂ ಮೂರು ಮೈಲಿ ಏರಿ ಗುಡ್ಡಕ್ಕೆ ಹೋಗುತ್ತಾರೆ. ಮಂಡಿನೋವಿನವರು, ಬಸುರಿಯರು, ತೀರಾ ವಯಸ್ಸಾದವರು ಇಳಿದು ಬರುವುದೇ ಅಪರೂಪ. ಜನ ಮಲಗದ ಪೇಟೆ ಪೇಟೆಯಲ್ಲ, ದಿನವೂ ನಡೆಯುವ ಸಂತೆ. ಅದಕ್ಕೇ ಮೂವತ್ತಾರು ಮನೆ ಕಟ್ಟಿ ನಿಲ್ಲಿಸಿದ್ದಾರೆ, ಗೋಡೆ ಎದ್ದಿದೆ, ಮಾಡು ಕೂತಿದೆ. ಹೊಸ್ತಿಲು ಮಾತ್ರ ಬಾಕಿ. ಯುಗಾದಿಗೆ ಒಕ್ಕಲು ಹೋಗುವುದೆಂದು ಊರೆಲ್ಲ ತಳಿರು ಕಟ್ಟಲು ಕಾದಿದೆ. ಚೀಟಿ ಎತ್ತಿ ಮನೆ ಹಂಚಿದರು. ಎಲ್ಲಕ್ಕಿಂತ ತಗ್ಗಿನ ಮನೆ, ಮೆಟ್ಟಿಲ ಮಗ್ಗುಲಿನದು, ನಿಮ್ಮ ಮಂಡಕ್ಕಿ ಅಂಗಡಿ ಇದ್ದ ಜಾಗದ್ದು, ನನ್ನ ಮಗಳು ತಾರಿಣಿಯ ಕೈಗೆ ಬಂತು. ಅವಳಿಗೀಗ ಏಳು ತಿಂಗಳು. ಚೀಟಿ ಬಿಚ್ಚಿ ಅವಳು ಕುಣಿದಳು, ಹಾಲಮ್ಮಜ್ಜಿಯ ಜಾಗ ನಮಗೇ ಬಂತು ಎಂದು ಎಲ್ಲರಿಗೂ ಬೆಲ್ಲ ಹಂಚಿದಳು. ನಾನೂ ಬಾಯಿಗೆ ಹಾಕಿಕೊಂಡೆ. ಮರುವಾರವೇ ಆ ನಡಾವಳಿ ಪುಸ್ತಕ ಸಿಕ್ಕಿತು.

ಅದು ನಿಮ್ಮ ಪೇಟೆ ವರ್ತಕರ ಸಂಘದ್ದು. ಹೊಸ್ತಿಲಿನ ಗುಂಡಿ ತೋಡುವಾಗ ಸಿಕ್ಕ ತಗಡಿನ ಡಬ್ಬಿಯೊಳಗಿತ್ತು. ಅದನ್ನು ಓದಿದ ಮೇಲೆ ನಿಮ್ಮ ನೀರ್ಗೆರೆಯ ಕಥೆ ನನಗೆ ಪೂರ್ತಿ ತಿಳಿಯಿತು. ಹೊಳೆ ಪೇಟೆಗೆ ನುಗ್ಗಿ ಇಳಿದ ಮೇಲೆ, ಪ್ರತಿ ಅಂಗಡಿಯ ಯಜಮಾನಿ ಬಾಗಿಲ ಕಂಬದ ಮೇಲೆ ನೀರು ನಿಂತ ಮಟ್ಟಕ್ಕೆ ಉಳಿಯಿಂದ ಗೆರೆ ಕೊರೆದು, ಅರಿಶಿನ ಹಚ್ಚಿ, ಹೊಳೆವ್ವನಿಗೆ ಕೈಮುಗಿದು ಆಮೇಲೆ ಒಳಗೆ ಕಾಲಿಡುತ್ತಿದ್ದಳು. ಎಷ್ಟು ಚಂದದ ಪದ್ಧತಿ! ನೀವು ಚಿಕ್ಕವರಿದ್ದಾಗ ಬಂದ ದೊಡ್ಡ ಹೊಳೆಯ ಗೆರೆಯನ್ನು ನಿಮ್ಮ ಕಂಬದ ಮೇಲೆ ಕೊರೆದವರು ನಿಮ್ಮ ಅವ್ವ. ಪೇಟೆಗೆ ಹೊಸ ಕಳೆ ಕೊಡುವ ಯೋಜನೆ ಬಂದಾಗ, ನಲವತ್ತೆರಡು ಅಂಗಡಿಗೂ ಒಂದೇ ಸಿಮೆಂಟಿನ ಗಿಲಾವು, ಒಂದೇ ಬಣ್ಣ ಎಂದಾಯಿತು. ಗೆರೆಗಳು ಮುಚ್ಚಿಹೋಗುತ್ತವಲ್ಲ ಎಂದು ಕೆಲವರು ಕೊರಗಿದರು. ಆಗ ಒಬ್ಬರಿಗೆ ಉಪಾಯ ಹೊಳೆಯಿತು: ಎಲ್ಲ ಗೆರೆಗಳ ನೆನಪಿಗೆ ಹೊಳೆದಂಡೆಯ ಉದ್ಯಾನದಲ್ಲಿ ಒಂದೇ ಕಲ್ಲುಕಂಬ ನಿಲ್ಲಿಸಿ, ಅದರ ಮೇಲೆ ದೊಡ್ಡ ಹೊಳೆಯ ಗೆರೆ ಕೆತ್ತಿಸೋಣ. ನೋಡಲಿಕ್ಕೆ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ.

ಯಾರ ಅಂಗಡಿಯ ಗೆರೆ ಕೆತ್ತುವುದು? ಪೇಟೆ ಇಳಿಜಾರು. ಮೇಲಿನ ಬಟ್ಟೆ ಅಂಗಡಿಯವರ ಹೊಸ್ತಿಲಿನಿಂದ ಗೆರೆ ಅರ್ಧ ಅಡಿಗಿದ್ದರೆ, ತಗ್ಗಿನ ಅಂಗಡಿಗಳಲ್ಲಿ ಅದು ಎಷ್ಟೋ ಮೇಲೆ. ನಮ್ಮದನ್ನೇ ಹಾಕಿ ಎಂದು ಎಲ್ಲರೂ ಪಟ್ಟು ಹಿಡಿದರು, ಎರಡು ಸಭೆ ಜಗಳದಲ್ಲೇ ಮುಗಿದವು. ಮೂರನೆಯ ಸಭೆಯಲ್ಲಿ, ಮಾರ್ಚ್ ಹನ್ನೆರಡರ ಗುರುವಾರ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಹಿರಿಯರು ನ್ಯಾಯ ಹೇಳಿದರು. ಯಾರಿಗೂ ಬೇಜಾರಾಗದ ಹಾಗೆ ನಲವತ್ತೆರಡು ಗೆರೆಗಳ ನಡುಮಟ್ಟ ಹಿಡಿದರು. ಎರಡೂವರೆ ಅಡಿ. ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಬರೆದಿದೆ. ಹೊಳೆಯ ನೀರನ್ನು ಪಂಚಾಯ್ತಿ ಮಾಡಿ ತಗ್ಗಿಸಿದ ಜನ ಲೋಕದಲ್ಲಿ ಬೇರೆ ಎಲ್ಲಾದರೂ ಇದ್ದಾರೆಯೇ? ಯಾರೂ ಕೆಟ್ಟವರಲ್ಲ ಅಜ್ಜಿ, ಅದೇ ನನಗೆ ಸಂಕಟ. ಜಗಳ ಬೇಡವೆಂದು ಮಾಡಿದ ಒಳ್ಳೆಯ ಕೆಲಸ ಅದು. ಕೆಳಗೆ ನಿಮ್ಮ ಮೂರು ಸಾಲು: 'ಮಂಡಕ್ಕಿ ಅಂಗಡಿಯ ಶ್ರೀಮತಿ ಹಾಲಮ್ಮನವರು ಒಪ್ಪಲಿಲ್ಲ. ನಮ್ಮವ್ವನ ಎದೆಮಟ ಬಂದ ನೀರನ್ನ ಮೊಣಕಾಲಿಗೆ ಇಳಿಸಾಕೆ ನೀವ್ಯಾರು ಎಂದು ಕೂಗಾಡಿದರು. ಸಭೆಯು ಅವರನ್ನು ಸಮಾಧಾನಪಡಿಸಿತು.' ಅದರ ಮುಂದಿನ ಸಾಲು, ಚಹಾ ಮಿರ್ಚಿ ಹಂಚಿ ಸಭೆ ಮುಗಿಸಲಾಯಿತು, ಸೋಮವಾರದಿಂದ ಗಿಲಾವು ಕೆಲಸ ಶುರು.

ಆಮೇಲೆ ಆದದ್ದನ್ನು ಹೇಳಲು ಮನಸ್ಸಿಲ್ಲ, ಹೇಳದೆ ವಿಧಿಯೂ ಇಲ್ಲ. ಉದ್ಯಾನದ ಕಂಬದ ಗೆರೆ ನಂಬಿ ಹೊಳೆಗೆ ತಡೆಗೋಡೆ ಕಟ್ಟಿದರು. ಮೂವತ್ತೈದು ವರ್ಷಗಳ ನಂತರ ದೊಡ್ಡ ಹೊಳೆ ತಿರುಗಿ ಬಂದಾಗ ಅದು ಗೋಡೆ ಹತ್ತಿ ಒಳಗೆ ಇಳಿಯಿತು, ಇಳಿದದ್ದು ಗೋಡೆಯಿಂದಾಗಿಯೇ ಹೊರಗೆ ಹೋಗಲಾರದೆ ನಿಂತಿತು. ನಲವತ್ತೊಂದು ಜನ ಹೋದರು. ಅವರಲ್ಲಿ ನಿಮ್ಮ ಮೊಮ್ಮಗಳೂ ಒಬ್ಬಳು. ಅವಳ ಹೆಸರು ಬರೆಯುವುದಿಲ್ಲ, ನೀವಿನ್ನೂ ಅವಳ ಮುಖ ನೋಡಿಲ್ಲ. ಅವಳು ತನ್ನ ವರ್ಷದ ಕೂಸನ್ನು ಅಟ್ಟದ ಮೇಲಿದ್ದವರ ಕೈಗೆ ಎತ್ತಿಕೊಟ್ಟಳು. ಆ ಕೂಸು ನನ್ನ ಅಜ್ಜಿ. ಬದುಕಿದವರು ಗುಡ್ಡ ಹತ್ತಿದರು, ಗೆರೆ ಕೊರೆಯಲು ಕೆಳಗೆ ಯಾರೂ ಉಳಿಯಲಿಲ್ಲ.

ಈಗ ನನ್ನ ಕಷ್ಟ ಕೇಳಿ. ಗೋಡೆ ಬಿದ್ದುಹೋಗಿದೆ, ಹೊಳೆ ಮತ್ತೆ ನಿಮ್ಮ ಬಾಲ್ಯದ ಹಾಗೆ ಬಿಡುಬೀಸಾಗಿದೆ. ಬಿಡುಬೀಸಾದ ಹೊಳೆ ಈ ಪೇಟೆಯಲ್ಲಿ ಎಷ್ಟು ಏರುತ್ತದೆ ಎಂಬುದಕ್ಕೆ ಸಾಕ್ಷಿ ಆ ನಲವತ್ತೆರಡು ಗೆರೆಗಳು ಮಾತ್ರ. ನಮ್ಮ ಕಟ್ಟಳೆಯ ಪ್ರಕಾರ ಹೊಸ್ತಿಲಿಗೆ ಕಲ್ಲಿನ ಸಾಕ್ಷಿಯೇ ಬೇಕು, ಬಾಯಿಮಾತಿಗೆ ಹೊಸ್ತಿಲು ಏರುವುದಿಲ್ಲ. ಉಳಿದಿರುವ ಕಲ್ಲು ಯಾವುದು? ಆ ಉದ್ಯಾನದ ಕಂಬ! ಗುಂಡುಕಲ್ಲಿನ ಹಾಗೆ ನಿಂತಿದೆ. ಹೊಸ್ತಿಲು ನೀರಿಗಿಂತ ಮೇಲಿರಲೆಂದು ಎರಡೂವರೆ ಅಡಿಗೆ ಅರ್ಧ ಅಡಿ ಸೇರಿಸಿ ಮೂರಡಿ ಎನ್ನುತ್ತದೆ ಲೆಕ್ಕ. ಊರಿನ ಲೆಕ್ಕದ ಯಂತ್ರವನ್ನು ಕೇಳಿದರೆ ಅದೂ ಮೂರಡಿ ಅನ್ನುತ್ತದೆ. ಅನ್ನದೆ ಏನು ಮಾಡೀತು, ಅದಕ್ಕೆ ಉಣಿಸಿದ್ದೂ ಕಂಬದ ಅಳತೆಯೇ. ನೀವು ಕೂಗಾಡಿದ ಮಾತನ್ನು ನಾನು ಊರಸಭೆಯಲ್ಲಿ ಓದಿ ಹೇಳಿದೆ. ಸಿಟ್ಟಿನಲ್ಲಿ ಎದೆಮಟ್ಟ ಅಂದಿರಬಹುದು, ಮಕ್ಕಳ ಕಣ್ಣಿಗೆ ಎಲ್ಲ ನೀರೂ ಎದೆಮಟ್ಟವೇ ಅಂದರು. ನಿಮ್ಮ ಅವ್ವ ಎಷ್ಟು ಎತ್ತರದವರು? ಬೀದಿಯಲ್ಲಿ ನಿಂತಿದ್ದರೋ ಹೊಸ್ತಿಲ ಮೇಲೋ? ಬೀದಿಯಲ್ಲಾದರೆ ನಾಲ್ಕಡಿ, ಹೊಸ್ತಿಲ ಮೇಲಾದರೆ ಐದು. ಹನ್ನೊಂದು ದಿನದಿಂದ ಕಣ್ಣು ಮುಚ್ಚಿದರೆ ಆ ತಾಯಿ ನೀರಿನಲ್ಲಿ ನಿಂತಿರುವುದು ಕಾಣುತ್ತದೆ, ಕಾಲು ಮಾತ್ರ ಕಾಣುವುದಿಲ್ಲ.

ಊರಿನ ಹಿರಿಯ ರಾಜೇಸಾಬ್ ಒಳ್ಳೆಯ ಮನುಷ್ಯ, ನನ್ನ ಪಕ್ಕ ಕೂತು ಸಮಾಧಾನ ಹೇಳಿದ. "ಕೊಟ್ರವ್ವ, ಜನಕ್ಕೆ ಕಾದು ಕಾದು ಸಾಕಾಗೈತೆ ಕಣವ್ವ. ಮೂರಡಿ ಅಂತ ಗೆರೆ ಎಳೆದುಬಿಡು, ಮುಂದಿಂದು ಹೊಳೆವ್ವ ನೋಡ್ಕಂತಾಳೆ." ನೀರು ಐದಡಿ ಎಂದರೆ ಮೂವತ್ತಾರು ಮನೆಗೂ ನೆಲ ಎತ್ತಬೇಕು, ಮಾಡು ಬಿಚ್ಚಬೇಕು, ಇನ್ನೆರಡು ವರ್ಷ. ಅಷ್ಟರಲ್ಲಿ ಬೇಸತ್ತ ಅರ್ಧ ಜನ ಬೇರೆ ಊರು ಹಿಡಿಯುತ್ತಾರೆ, ಪೇಟೆ ಇನ್ನೊಮ್ಮೆ ಸತ್ತರೆ ಮತ್ತೆ ಏಳುವುದಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನು ಒಲ್ಲೆ ಎಂದರೆ ಪಕ್ಕದ ಊರಿನ ಹೊಸ್ತಿಲಗಾರ ಬಂದು ಕಂಬ ನೋಡಿ ಮೂರಡಿಗೆ ರುಜು ಹಾಕಿ ಹೋಗುತ್ತಾನೆ, ಕಟ್ಟಳೆ ಅವನ ಕಡೆಗಿದೆ. ಮಗಳಂತೂ ಒಂಬತ್ತು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕೊನೆಗೆ ಆಡಿದ ಮಾತು, "ಯವ್ವಾ, ನಿಂಗೆ ನೀರಿನ ಹುಚ್ಚು ಹಿಡ್ದೈತೆ. ನನ್ನ ಕೂಸು ಗುಡ್ಡದಾಗೇ ಹುಟ್ಲಿ, ಗುಡ್ಡದಾಗೇ ಮುದುಕಿ ಆಗ್ಲಿ ಬಿಡು." ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ನನಗೆ ಹೆದರಿಕೆ ಅಜ್ಜಿ. ರುಜು ಹಾಕಲೂ ಹೆದರಿಕೆ, ಹಾಕದಿರಲೂ ಹೆದರಿಕೆ.

ಒಂದೇ ಒಂದು ದಾರಿ ಉಳಿದಿದೆ. ಆ ನಲವತ್ತೆರಡರಲ್ಲಿ ಒಂದು ಬಾಗಿಲ ಕಂಬ ಇನ್ನೂ ನೆಲ ಬಿಡದೆ ನಿಂತಿದೆ, ಅದು ನಿಮ್ಮದು. ಕಪ್ಪು ಕಲ್ಲಿನದಲ್ಲವೇ, ಗಟ್ಟಿ. ಆದರೆ ಅದರ ಮೇಲೆ ನಿಮ್ಮ ಕಾಲದ ಗಿಲಾವು, ಗಿಲಾವಿನ ಮೇಲೆ ಏಳು ಪದರ ಬಣ್ಣ. ಆ ಬಣ್ಣವೇ ಈಗ ಪುರಾತನ ವಸ್ತುವಾಗಿದೆ! ಶಾಲೆಯ ಮಕ್ಕಳನ್ನು ಸಾಲುಗಟ್ಟಿ ಕರೆತಂದು ತೋರಿಸುತ್ತಾರೆ. ಹೊರಮೈ ಕೆರೆಯುವಂತಿಲ್ಲ. ಕೆರೆಯಲು ಬಿಟ್ಟರೂ ಫಲವಿಲ್ಲ. ಗಿಲಾವು ಕಚ್ಚಿ ಹಿಡಿಯಲೆಂದು ಗೌಂಡಿಗಳು ಕಲ್ಲಿನ ಮೈಗೆಲ್ಲ ಉಳಿಯಿಂದ ಕಚ್ಚು ಹಾಕುತ್ತಾರೆ, ನಾನು ಬೇರೆ ಕಡೆ ಕೆರೆದು ನೋಡಿದ್ದೇನೆ. ನೂರು ಕಚ್ಚುಗಳ ನಡುವೆ ನಿಮ್ಮ ಅವ್ವನ ಗೆರೆ ಯಾವುದೆಂದು ಯಾವ ದೇವರೂ ಹೇಳಲಾರ. ಕಾಡಿ ಬೇಡಿದ ಮೇಲೆ ಊರಸಭೆ ನನಗೆ ಕಂಬದ ಒಳಮೈಯಲ್ಲಿ, ಕದ ಕೂರುವ ಮಗ್ಗುಲಲ್ಲಿ, ಒಂದು ಗೇಣು ಅಗಲದಷ್ಟು ಕೆರೆಯಲು ಒಪ್ಪಿಗೆ ಕೊಟ್ಟಿದೆ. ನಾಳೆ ಬೆಳಿಗ್ಗೆ ಆರಕ್ಕೆ, ಎಲ್ಲರ ಎದುರಿಗೆ, ಒಂದು ಗಂಟೆ. ಗೆರೆ ಸಿಗದಿದ್ದರೆ ನಾಳೆಯೇ ಮೂರಡಿಗೆ ಹೊಸ್ತಿಲು ಕೂರುತ್ತದೆ. ಒಳಮೈಯಲ್ಲಿ ಕಚ್ಚು ಹಾಕಿರುವುದಿಲ್ಲ, ಅಲ್ಲಿಗೆ ಗೌಂಡಿಯ ಕೈ ಹೋಗುವುದಿಲ್ಲ. ಪದ್ಧತಿಯ ಪ್ರಕಾರ ನೀರ್ಗೆರೆಯೂ ಅಲ್ಲಿರುವುದಿಲ್ಲ. ಅದು ಹೊರಮೈಯದು, ಬೀದಿಗೆ ಕಾಣಬೇಕಾದದ್ದು. ಒಳಗಡೆ ಬರಿಯ ಕಲ್ಲು ಇರಬೇಕು. ನೀವು ಏನಾದರೂ ಮಾಡದಿದ್ದರೆ.

ಗೋಡೆ ಕಟ್ಟುವುದನ್ನು ತಡೆಯಿರಿ ಎಂದು ನಾನು ಕೇಳುವುದಿಲ್ಲ. ಕೇಳಲು ಬಾಯಿ ಹಾತೊರೆಯುತ್ತದೆ, ಆ ಮೊಮ್ಮಗಳ ಮುಖ ಕಣ್ಣಿಗೆ ಕಟ್ಟುತ್ತದೆ, ಆದರೆ ನಾನೂ ಸಭೆಗಳಲ್ಲಿ ಕೂತು ಹಣ್ಣಾದವಳು. ಒಬ್ಬ ಮಂಡಕ್ಕಿ ಅಂಗಡಿಯ ಹೆಂಗಸು ಕೂಗಿದರೆ ಗೋಡೆಯ ಕೆಲಸ ನಿಲ್ಲುವುದಿಲ್ಲ, ಮಿರ್ಚಿ ತಟ್ಟೆ ಮುಂದೆ ಬರುತ್ತದೆ. ನನ್ನ ಬೇಡಿಕೆ ಚಿಕ್ಕದು. ಸೋಮವಾರ ಗೌಂಡಿಗಳು ಬರುವ ಮೊದಲು ನಿಮ್ಮ ಅವ್ವನ ಗೆರೆಯ ಮೇಲೆ ಒಂದು ದಾರ ಹಿಡಿಯಿರಿ. ದಾರವನ್ನು ಮಟ್ಟವಾಗಿ ಕಂಬದ ಮೂಲೆ ತಿರುಗಿಸಿ ಒಳಮೈಗೆ ತನ್ನಿ. ಅಲ್ಲಿ ಅದೇ ಮಟ್ಟಕ್ಕೆ ಒಂದು ಗೆರೆ ಕೊರೆಯಿರಿ. ಉಗುರಿನ ಆಳ ಸಾಲದು, ಬೆರಳ ತುದಿ ಕೂರುವಷ್ಟು ಆಳ ಬೇಕು. ಉಳಿ ಇಲ್ಲದಿದ್ದರೆ ಕೊಡಲಿಯ ಮೂಲೆ ಸಾಕು. ಯಾರ ಅಪ್ಪಣೆಯೂ ಬೇಡ, ನಿಮ್ಮ ಬಾಗಿಲು, ನಿಮ್ಮ ಕಲ್ಲು. ನಕ್ಕವರು ನಗಲಿ.

ಕೆಳಗೆ ಬೀದಿಯಲ್ಲಿ ಬಾಗಿಲು ತೆಗೆಯುವ ಸದ್ದು ಶುರುವಾಯಿತು, ನಾಲ್ಕೂವರೆ ಆಗಿರಬೇಕು. ನಾನು ಕೂತಿರುವ ಅಟ್ಟದ ಕಿಟಕಿಯಿಂದಲೇ ತಾರಿಣಿ ಕಾಣುತ್ತಿದ್ದಾಳೆ, ಬಸುರಿಯಾದರೂ ಬೆಳಿಗ್ಗೆಯೇ ಗುಡ್ಡದಿಂದ ಇಳಿದು ಬಂದು, ಹೊಸ್ತಿಲಿಲ್ಲದ ತನ್ನ ಮನೆಯ ಮುಂದೆ, ನಿಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾಳೆ. ಒಂದು ಕೈ ಹೊಟ್ಟೆಯ ಮೇಲಿದೆ. ನನ್ನ ಕಡೆ ನೋಡುತ್ತಿಲ್ಲ. ಈ ಕಾಗದವನ್ನು ಇನ್ನು ಸ್ವಲ್ಪ ಹೊತ್ತಿಗೆ ಅವಳ ಮನೆಯ ಹೊಸ್ತಿಲ ಗುಂಡಿಗೆ ಇಟ್ಟು ಬರುತ್ತೇನೆ. ನಾಳೆ ಬೆಳಿಗ್ಗೆ ಕೆರೆಯುತ್ತೇನೆ. ನನಗೆ ಉಳಿದಿರುವುದು ಒಂದು ಇರುಳು, ನಿಮಗೆ ಇನ್ನೂ ನಾಲ್ಕು ದಿನ ಇದೆ.

ಚಹಾ ಕುಡಿಯಿರಿ, ಮಿರ್ಚಿ ತಿನ್ನಿರಿ, ಅವರೂ ನಿಮ್ಮ ಪೇಟೆಯವರೇ. ಸಮಾಧಾನ ಮಾತ್ರ ಆಗಬೇಡಿ ಅಜ್ಜಿ.

ನಿಮ್ಮ ಬಾಗಿಲಲ್ಲಿ ನಿಂತಿರುವ,
ಕೊಟ್ರವ್ವ